ಇಪ್ಪತ್ತೆರಡರ ನಂತರ ಇಪ್ಪತ್ತೆಂಟು

ಆಗಸ್ಟ್ 4

ಅಮ್ಮಾ,

ಫೋನ್ ಮಾಡಿದರೆ ನೀನು "ಊಟ ಆಯ್ತಾ, ನಿದ್ದೆ ಬರುತ್ತಾ" ಅಂತ ಎರಡು ಕೇಳ್ತೀಯ. ಹಿಂದೆ ಕಟಿಂಗ್ ಮಷೀನು ಧಡ್ ಅಂದ ಕೂಡಲೇ "ಇಡ್ತೀನಿ ಕಣೇ" ಅಂತೀಯ. ಅದಕ್ಕೇ ಕಾಗದ. ಸ್ಕೂಲ್ ಹಾಸ್ಟೆಲ್‌ನಲ್ಲಿ ಹತ್ತು ವರ್ಷ ಭಾನುವಾರ ಬೆಳಿಗ್ಗೆ ಸಾಲಾಗಿ ಕೂರಿಸಿ ಮನೆಗೆ ಬರೆಸ್ತಿದ್ದರಲ್ಲ, ಆ ಚಟ ಕಾಲೇಜಿಗೆ ಬಂದರೂ ಬಿಟ್ಟಿಲ್ಲ. ನನ್ನ ಕನ್ನಡ ನೋಡಿ ನಗಬೇಡ. ಅರ್ಧ ಇಂಗ್ಲಿಷು ಅಂತ ನನಗೇ ಗೊತ್ತು.

ರೂಮು ಪರವಾಗಿಲ್ಲ. ಎರಡು ಮಂಚ, ಒಂದು ಕಿಟಕಿ, ಬಾಗಿಲು ಮುಚ್ಚಬೇಕಾದರೆ ಭುಜ ಕೊಟ್ಟು ನೂಕಬೇಕು. ಇನ್ನೊಂದು ಮಂಚದವಳಿಗೆ ಅಲಾರಂ ಅಂತ ಹೆಸರಿಟ್ಟಿದ್ದೀನಿ. ಬೆಳಿಗ್ಗೆ ಐದಕ್ಕೆ ತಾನೇ ಎದ್ದು, ಎದ್ದಿದ್ದೀನಿ ಅಂತ ಊರಿಗೆಲ್ಲ ಸಾರ್ತಾಳೆ. ನಾನು ಕೂತಲ್ಲಿ ಕಾಲು ಕುಣಿಸೋದು ಅವಳಿಗೆ ತಲೆನೋವಂತೆ. "ನಿನ್ನ ಕಾಲಿಗೆ ಒಂದು ಹೊಲಿಗೆ ಮಷೀನು ಕಟ್ಟಿದ್ರೆ ಎರಡು ಲಂಗ ಆಗ್ತಿತ್ತು" ಅಂತಾಳೆ. ಏನು ಮಾಡ್ಲಿ, ನಿಲ್ಲಿಸೋಕೆ ಹೋದರೆ ಹೊಟ್ಟೆಯೊಳಗೆ ಕುಣಿಯೋಕೆ ಶುರು.

ಈಗ ಟೆನ್ಷನ್ ವಿಷಯ. ಭಾಷೆಯ ಪಾಠ ಮಾಡೋ ಮೇಡಂ ಒಬ್ಬೊಬ್ಬರೂ ಒಂದೊಂದು ಸಾಮಾನ್ಯ ಇಂಗ್ಲಿಷ್ ವಿಶೇಷಣ ಆರಿಸಿಕೊಳ್ಳಿ ಅಂದರು. ಅದಕ್ಕೆ ಇವತ್ತು ಏನರ್ಥ, ಜನ ಎಲ್ಲೆಲ್ಲಿ ಬಳಸ್ತಾರೆ, ಹುಟ್ಟಿದ್ದು ಎಲ್ಲಿ, ಕನ್ನಡದಲ್ಲೇ ಐದು ಪುಟ ಬರೀಬೇಕು. ಬರೆದಮೇಲೆ ಅರವತ್ತು ಜನರ ಮುಂದೆ ನಿಂತು ಓದಬೇಕು! ಮೊಬೈಲ್ ನೋಡೋ ಹಾಗಿಲ್ಲ. ಅಚ್ಚಾದ ಡಿಕ್ಷನರಿಯೇ ಆಗಬೇಕು, ಅದೂ ಎಷ್ಟು ಹಳೆಯದಾದರೆ ಅಷ್ಟು ಒಳ್ಳೇದು ಅಂದರು. ನಾನು ಆರಿಸಿಕೊಂಡಿದ್ದು ಎನರ್ಜೆಟಿಕ್. ಯಾಕೆ ಹೇಳು? ಸ್ಕೂಲಿನ ಹತ್ತು ವರ್ಷದ ರಿಪೋರ್ಟ್ ಕಾರ್ಡ್‌ನಲ್ಲೂ ನನ್ನ ಬಗ್ಗೆ ಬರೆದಿದ್ದು ಅದೊಂದೇ ಪದ. ಟೀಚರ್ ಬದಲಾದರೂ ಪದ ಬದಲಾಗಲಿಲ್ಲ. ಒಂದು ಕಡೆ ಕೂರೋದಿಲ್ಲ ಅನ್ನೋದನ್ನ ಮರ್ಯಾದೆಯಾಗಿ ಹಾಗೆ ಬರೀತಿದ್ದರು ಅಂತ ನನ್ನ ಅನುಮಾನ.

ಆ ಕಾರ್ಡುಗಳನ್ನ ನಿನಗೆ ಯಾರು ಓದಿ ಹೇಳ್ತಿದ್ದರು? ಆ ಪದಕ್ಕೆ ಏನಂತ ಹೇಳಿದ್ದರು? ನೆನಪಿದ್ದರೆ ಬರಿ, ನನ್ನ ಐದು ಪುಟಕ್ಕೆ ಬೇಕು.

ಲೈಬ್ರರಿಯಲ್ಲಿ ದೊಡ್ಡ ಡಿಕ್ಷನರಿ ಮೂರೇ ಇವೆ, ಮೂರರ ಮೇಲೂ ಸೀನಿಯರ್‌ಗಳು ಮೊಟ್ಟೆಗೆ ಕೂತ ಕೋಳಿ ಹಾಗೆ ಕೂತಿದ್ದಾರೆ. ಇರಲಿ, ನೀನು ಬೈಂಡ್ ಮಾಡಿಕೊಟ್ಟ ಡಿಕ್ಷನರಿ ನನ್ನ ಹತ್ತಿರವೇ ಇದೆಯಲ್ಲ. ಯಾವಾಗಲೂ ನೋಡೋದೇ ಅದನ್ನ.

ನಿನ್ನ,
ಬುಗುರಿ

*

ಆಗಸ್ಟ್ 11

ಬುಗುರಿ,

ಕಾಗದ ಬಂತು. ಊಟದ ವಿಷಯ ಬರೆದಿಲ್ಲ.

ಕಾರ್ಡು ಓದ್ತಿದ್ದವರು ನಮ್ಮ ಬೈಂಡಿಂಗ್ ಅಂಗಡಿ ಯಜಮಾನರು. ನನಗೆ ಇಂಗ್ಲಿಷ್ ಅಂಕಿ ಬರುತ್ತೆ, ಅಕ್ಷರ ಅಷ್ಟಕ್ಕಷ್ಟೇ ಅಂತ ನಿನಗೆ ಗೊತ್ತು. ಕನ್ನಡಕ ಹಣೆ ಮೇಲೆ ಇಟ್ಟುಕೊಂಡೇ ಕನ್ನಡಕ ಹುಡುಕಿ, ಆಮೇಲೆ ಓದೋರು. ಮೊದಲನೇ ಸಲ "ಮಗಳು ಚುರುಕಂತೆ ಕಣಮ್ಮಾ" ಅಂದರು. ಮುಂದಿನ ವರ್ಷ "ಈ ಸಲವೂ ಚುರುಕು". ಮೂರನೇ ವರ್ಷ ನಾನೇ ಕೇಳಿದೆ, ಚುರುಕಾ ಅಂತ. ಹೌದು ಅಂದರು. ಆಮೇಲೆ ಓದಿಸೋದು ಬಿಟ್ಟೆ, ಆ ಪದದ ಆಕಾರವೇ ಗುರುತು ಸಿಕ್ಕಿಹೋಗಿತ್ತು. ಚುರುಕಿನ ಪಕ್ಕದಲ್ಲಿ ಬೇರೆ ಏನಾದರೂ ಬಂದಿದೆಯಾ ಅಂತ ಮಾತ್ರ ನೋಡ್ತಿದ್ದೆ. ಬಂದಿರಲಿಲ್ಲ.

ಇಲ್ಲಿ ಶಾಲೆಯೊಂದರ ಲೈಬ್ರರಿ ಪುಸ್ತಕಗಳು ಬಂದಿವೆ, ಏಳುನೂರು. ಅರ್ಧಕ್ಕರ್ಧ ಬೆನ್ನು ಮುರಿದವು. ಮಕ್ಕಳು ಪುಸ್ತಕವನ್ನ ಹೇಗೆ ಹಿಡೀತಾರೆ ಅಂತ ಬೆನ್ನು ನೋಡಿದರೆ ಹೇಳಬಹುದು. ಚೆನ್ನಾಗಿ ಓದಿದ ಪುಸ್ತಕದ ಬೆನ್ನು ಬಾಗಿರುತ್ತೆ, ಬೀಳಿಸಿದ ಪುಸ್ತಕದ ಮೂಲೆ ಬಾಗಿರುತ್ತೆ. ದಿನಕ್ಕೆ ಹತ್ತು ಹೊಲೀತೀನಿ. ಹೊಸದಾಗಿ ಸೇರಿದ ಹುಡುಗಿ ಹದಿನೈದು ಹೊಲೀತಾಳೆ, ಅದರಲ್ಲಿ ಐದು ಬಿಚ್ಚಿ ಮತ್ತೆ ಹೊಲೀತಾಳೆ. ಲೆಕ್ಕ ಒಂದೇ.

ಆ ಡಿಕ್ಷನರಿ ನೋಡ್ತಾ ಇದ್ದೀಯ ಅಂದೆ. ಸಂತೋಷ. ಹೊಲಿಗೆ ಗಟ್ಟಿ ಇದೆಯಾ? ನೋಡುವಾಗ ಏನಾದರೂ ಹೆಚ್ಚುಕಮ್ಮಿ ಕಂಡರೆ ಬರಿ. ಕಾಣದಿದ್ದರೂ ಬರಿ.

ಅಮ್ಮ

*

ಆಗಸ್ಟ್ 20

ಅಮ್ಮಾ,

ಸಿಕ್ಕಿತು! ಕೂರೋಕಾಗ್ತಿಲ್ಲ, ನಿಂತುಕೊಂಡೇ ಬರೀತಿದ್ದೀನಿ. ಅಕ್ಷರ ಸೊಟ್ಟ ಆದರೆ ಅದಕ್ಕೇ.

ಎನರ್ಜೆಟಿಕ್ ಅನ್ನೋ ಪದದ ಮೂಲ ಏನು ಗೊತ್ತಾ? ಕುದಿಯೋದು! ಲ್ಯಾಟಿನ್‌ನಲ್ಲಿ ಕುದಿ ಅನ್ನೋ ಮಾತಿನಿಂದ ಬಂದಿದೆಯಂತೆ. ನಿನ್ನ ಡಿಕ್ಷನರಿಯಲ್ಲಿ ಪುಟದ ಕೊನೆಯ ಸಾಲಿಗೆ ಪದ ಶುರು, "ಹುರುಪಿನ, ಚಟುವಟಿಕೆಯ" ಅಂತ ಅರ್ಥ. ಹಾಳೆ ತಿರುಗಿಸಿದರೆ ಮೊದಲ ಸಾಲಲ್ಲೇ ಮೂಲ: ಕುದಿ. ಓದಿದ ತಕ್ಷಣ ಡಿಕ್ಷನರಿ ಮುಚ್ಚಿಬಿಟ್ಟೆ. ನನ್ನ ಜಾತಕ ಯಾರೋ ಓದಿ ಹೇಳಿದ ಹಾಗಾಯ್ತು. ನಾನು ಚುರುಕೂ ಅಲ್ಲ, ಮಣ್ಣೂ ಅಲ್ಲ ಅಮ್ಮಾ. ಒಲೆ ಮೇಲಿಟ್ಟ ಪಾತ್ರೆ. ಮುಚ್ಚಳ ಟಕಟಕ ಅನ್ನುತ್ತಲ್ಲ, ಅದೇ ನನ್ನ ಕಾಲು.

ಐದು ಪುಟ ಒಂದೇ ಉಸಿರಿಗೆ ಬರೆದೆ. ವಾರ್ಡನ್ ಮೆಟ್ಟಿಲ ಮೇಲೆ ಓಡೋ ಹುಡುಗಿಯರನ್ನ ಎನರ್ಜೆಟಿಕ್ ಅಂತಾರೆ, ಬೈಯೋಕೆ. ನೋಟಿಸ್ ಬೋರ್ಡಿನಲ್ಲಿ ಯಾವುದೋ ಅಂಗಡಿಗೆ ಎನರ್ಜೆಟಿಕ್ ಸೇಲ್ಸ್‌ನವರು ಬೇಕಂತೆ, ಹೊಗಳೋಕೆ. ಟಾನಿಕ್ ಬಾಟಲಿಯ ಮೇಲೂ ಇದೆ. ಎಲ್ಲದಕ್ಕೂ ಕೊನೆಯಲ್ಲಿ ಕುದಿಯೋದನ್ನ ತಂದು ಕೂರಿಸಿದ್ದೀನಿ. ಹಾಲು ಉಕ್ಕಿದರೆ ಯಾರೂ ಹಾಲಿಗೆ ಬೈಯಲ್ಲ, ಉರಿ ಜಾಸ್ತಿ ಇಟ್ಟವರಿಗೆ ಬೈತಾರೆ ಅಂತ ಕೊನೆಯ ಸಾಲು. ಚೆನ್ನಾಗಿದೆಯಲ್ವಾ? ಅಲಾರಂಗೆ ಓದಿದೆ. "ಏನೋಪ್ಪಾ, ನೀನು ಹೇಳಿದ ಮೇಲೆ ಇರಬೇಕು" ಅಂದಳು. ಅವಳ ಬಾಯಲ್ಲಿ ಅದು ಹಾರ ಹಾಕಿದಷ್ಟು.

ಶುಕ್ರವಾರ ಓದ್ತೀನಿ. ಮೊದಲ ಸಲ ನನಗೆ ಒಂದು ಕ್ಲಾಸಿನ ಮುಂದೆ ನಿಲ್ಲಬೇಕು ಅನ್ನಿಸ್ತಿದೆ.

ಬುಗುರಿ

*

ಆಗಸ್ಟ್ 30

ಅಮ್ಮಾ,

ಓದಿದ್ದು ಆಯ್ತು. ಪರವಾಗಿಲ್ಲ. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಇನ್ನೊಂದು ಸಲ ಓದಬೇಕಂತೆ, ಕೆಲವರಿಗೆ ಹಾಗೆ ಹೇಳಿದ್ದಾರೆ.

ಊಟ ಮಾಡ್ತಿದ್ದೀನಿ. ನಿದ್ದೆ ಬರುತ್ತೆ.

ಒಂದು ಕೇಳಲಾ? ಈ ಕಾಲೇಜು ನನಗೆ ಆಗಿಬರಲಿಲ್ಲ ಅಂತ ಇಟ್ಟುಕೋ. ಇಪ್ಪತ್ತಾರಕ್ಕೆ ಮೊದಲೇ ಬಿಟ್ಟು ಬಂದರೆ ಪ್ರಾಬ್ಲಂ ಆಗುತ್ತಾ? ಅಲ್ಲೇ ಏನಾದರೂ ಕಲಿತರಾಯ್ತು. ಟೈಪಿಂಗೋ ಏನೋ. ಸುಮ್ಮನೆ ಕೇಳಿದೆ. ಗಾಬರಿ ಆಗಬೇಡ.

ಡಿಕ್ಷನರಿ ಚೆನ್ನಾಗಿದೆ. ಹೊಲಿಗೆ ಗಟ್ಟಿ ಇದೆ. ಏನೂ ಹೆಚ್ಚುಕಮ್ಮಿ ಇಲ್ಲ.

ಬುಗುರಿ

*

ಸೆಪ್ಟೆಂಬರ್ 5

ಬುಗುರಿ,

ಇಪ್ಪತ್ತೆರಡರ ನಂತರ ಇಪ್ಪತ್ತೆಂಟು ಬಂದಿದೆ, ಅಲ್ವಾ?

ಕುದಿಯೋ ಕಾಗದ ನನ್ನ ಕೈ ಸೇರಿದ್ದು ಸೋಮವಾರ. ಶುಕ್ರವಾರ ಆಗಿಹೋಗಿತ್ತು. ಯಜಮಾನರ ಹತ್ತಿರ ಹೋಗಿ ಅವರ ಡಿಕ್ಷನರಿಯಲ್ಲಿ ನೋಡಿಸಿದೆ. ನಿನ್ನ ಪದಕ್ಕೂ ಕುದಿಯೋದಕ್ಕೂ ಸಂಬಂಧವೇ ಇಲ್ಲ, ಅದು ಬೇರೆ ಯಾವುದೋ ಪದದ ಮೂಲ ಇರಬೇಕು ಅಂದರು. ಆಗ ತಿಳೀತು. ನೀನೇ ಬರೀತೀಯ ಅಂತ ಕಾದೆ. ಕಾಯೋದು ನನಗೆ ಹೊಸದಲ್ಲ.

ಏನಾಯ್ತು ಅಂತ ಬಿಡಿಸಿ ಹೇಳ್ತೀನಿ ಕೇಳು. ನೀನು ಸ್ಕೂಲ್ ಹಾಸ್ಟೆಲ್‌ಗೆ ಹೋಗೋ ವಾರ ಯಾವುದೋ ಆಫೀಸಿನವರು ಬಿಸಾಕಿದ ಪುಸ್ತಕಗಳ ಜೊತೆ ಆ ಡಿಕ್ಷನರಿ ಬಂತು. ಬೆನ್ನು ಇರಲಿಲ್ಲ, ಅಂಚೆಲ್ಲ ತೇವಕ್ಕೆ ಕೊಳೆತಿತ್ತು. ನನ್ನ ಮಗಳಿಗೆ ಕೊಡ್ತೀರಾ ಅಂತ ಯಜಮಾನರನ್ನ ಕೇಳಿಕೊಂಡೆ. ಎಂಟು ಪುಟಕ್ಕೆ ಒಂದು ಮಡಿಕೆ, ಅದಕ್ಕೆ ನಾವು ಫಾರಂ ಅಂತೀವಿ. ಒಟ್ಟು ಎಂಬತ್ತು ಫಾರಂ. ಕೊಳೆತ ಅಂಚು ಕತ್ತರಿಸುವಾಗ ಪುಟಗಳ ತಲೆ ಮೇಲಿನ ಸಂಖ್ಯೆಯೂ ಹೋಯ್ತು. ಉಳಿದಿದ್ದು ಒಂದೊಂದು ಫಾರಂನ ಮೊದಲ ಪುಟದ ಕೆಳಗೆ ಸಣ್ಣದಾಗಿ ಇರೋ ಅಂಕಿ ಮಾತ್ರ. ಆ ಅಂಕಿ ಹಿಡಿದುಕೊಂಡೇ ಜೋಡಿಸಿದೆ. ಮಸಿ ಹರಡಿತ್ತು. ಇಂಗ್ಲಿಷ್ ಮೂರೂ ಎಂಟೂ ಅಕ್ಕತಂಗಿಯರ ಹಾಗೆ ಕಾಣ್ತಿದ್ದವು. ಇಪ್ಪತ್ತಮೂರರ ಜಾಗಕ್ಕೆ ಇಪ್ಪತ್ತೆಂಟು ಹೋಯ್ತು, ಅದರ ಜಾಗಕ್ಕೆ ಇದು.

ನನಗೊಂದು ಅಭ್ಯಾಸ ಇದೆ. ಹೊಲೀತಾ ಹೊಲೀತಾ ಅಂಕಿಗಳನ್ನ ಒಂದು ಚೀಟಿಯಲ್ಲಿ ಬರೀತೀನಿ. ರಟ್ಟು ಹಾಕೋ ಮುಂಚೆ ಚೀಟಿ ಓದಿ, ಗೋಡೆಯ ಮೊಳೆಗೆ ಚುಚ್ಚಿ, ಆಮೇಲೆ ಅಂಟು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ಚೀಟಿ ಓದದೆ ಚುಚ್ಚಿದ್ದೀನಿ. ಬಸ್ಸು ಹತ್ತೂವರೆಗೆ ಇತ್ತು. ಎಂಟು ವರ್ಷದ ನೀನು ಅಂಗಡಿ ಬಾಗಿಲಲ್ಲಿ ಟ್ರಂಕಿನ ಮೇಲೆ ಕೂತು ಕಾಲು ಆಡಿಸ್ತಿದ್ದೆ. ನಿನ್ನ ಕಾಲು ಟ್ರಂಕಿಗೆ ಬಡಿಯೋ ಸದ್ದು ಬರ್ತಾ ಇತ್ತು. ಅಪ್ಪ ಹೋಗಿ ಆರು ತಿಂಗಳಾಗಿರಲಿಲ್ಲ. ಅಳದೆ ಕಳಿಸಬೇಕು ಅನ್ನೋದೊಂದೇ ನನ್ನ ತಲೆಯಲ್ಲಿ.

ವಾರ ಬಿಟ್ಟು ಮೊಳೆ ಖಾಲಿ ಮಾಡುವಾಗ ಚೀಟಿ ಓದಿದೆ. ಇಪ್ಪತ್ತೆರಡು, ಇಪ್ಪತ್ತೆಂಟು, ಇಪ್ಪತ್ತನಾಲ್ಕು. ಇರಲಿ, ರಜಕ್ಕೆ ಬಂದಾಗ ಬಿಚ್ಚಿ ಹೊಲಿಯೋಣ ಅಂದುಕೊಂಡೆ. ರಜಕ್ಕೆ ನೀನು ಬಂದೆ, ಪುಸ್ತಕ ಬರಲಿಲ್ಲ. ದಿನಾ ಬೇಕಮ್ಮಾ, ಅದಕ್ಕೇ ಅಲ್ಲೇ ಬಿಟ್ಟುಬಂದೆ ಅಂದೆ.

ಮೊದಲ ವರ್ಷ ನಿನ್ನ ಕಾಗದ ಒಡೆಯುವಾಗಲೆಲ್ಲ ಅಂದುಕೊಳ್ತಿದ್ದೆ, ಈ ಸಲ ಬರೆದಿರ್ತಾಳೆ, ಅಮ್ಮಾ ಪುಟ ಹಿಂದುಮುಂದಾಗಿದೆ ಅಂತ. ಎರಡನೇ ವರ್ಷ, ಇನ್ನೂ ಆ ಅಕ್ಷರದ ತನಕ ಹೋಗಿಲ್ಲ ಅಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳಲಿಲ್ಲ.

ಕಾಲೇಜು ಬಿಡೋ ಮಾತು ಆಮೇಲೆ ಆಡೋಣ. ಮೊದಲು ಶುಕ್ರವಾರ ಏನಾಯ್ತು ಅಂತ ಬರಿ. ಸುಳ್ಳು ಸಾಕು, ಇಬ್ಬರದೂ.

ಅಮ್ಮ

*

ಸೆಪ್ಟೆಂಬರ್ 11

ಅಮ್ಮಾ,

ನಿನ್ನ ಕಾಗದವನ್ನ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಓದಿದೆ. ಹೊರಗೆ ಅಲಾರಂ ಬಾಗಿಲು ಬಡೀತಾ "ಒಳಗೇ ಸಂಸಾರ ಹೂಡಿದ್ಯಾ" ಅಂತ ಕೇಳ್ತಿದ್ದಳು.

ಬರೀತೀನಿ. ಎಲ್ಲಾ.

ಶುಕ್ರವಾರ ಚೆನ್ನಾಗಿಯೇ ಓದಿದೆ. ಕುದಿಯೋ ಭಾಗಕ್ಕೆ ಬಂದಾಗ ಮೇಡಂ ಪೆನ್ನು ಕೆಳಗಿಟ್ಟರು. ಓದಿ ಮುಗಿಸಿದ ಮೇಲೆ "ಈ ಮೂಲ ಎಲ್ಲಿ ಸಿಕ್ತಮ್ಮಾ?" ಅಂದರು. ನನ್ನ ಡಿಕ್ಷನರಿಯಲ್ಲಿ ಅಂದೆ. "ಯಾವ ಡಿಕ್ಷನರಿ?" ಹೆಸರು ಗೊತ್ತಿಲ್ಲ ಮೇಡಂ, ಮೊದಲ ಪುಟ ಇಲ್ಲ. ಹಿಂದಿನ ಬೆಂಚಿನಿಂದ ಒಬ್ಬ "ಅಡುಗೆ ಪುಸ್ತಕ ಇರಬೇಕು ಮೇಡಂ" ಅಂದ. ಅರವತ್ತು ಜನ ನಕ್ಕರು. ಮೇಡಂ ನಗಲಿಲ್ಲ. ಅದೇ ಇನ್ನೂ ಕಷ್ಟ ಆಯ್ತು. "ಮನಸ್ಸಿಗೆ ತೋಚಿದ್ದನ್ನ ಮೂಲ ಅಂತ ಬರೆಯೋ ಹಾಗಿಲ್ಲ. ಇಪ್ಪತ್ತಾರಕ್ಕೆ ಆ ಪುಸ್ತಕ ಕೈಯಲ್ಲಿ ಹಿಡಕೊಂಡು ಬಂದು ಮತ್ತೆ ಓದು. ಇಲ್ಲದಿದ್ದರೆ ಈ ಭಾಗಕ್ಕೆ ಸೊನ್ನೆ" ಅಂದರು.

ರೂಮಿಗೆ ಬಂದು ತೆಗೆದು ನೋಡಿದೆ. ಮೂಲದ ಕೆಳಗಿದ್ದ ಪದವೆಲ್ಲ ಎಫ್ ಅಕ್ಷರದ್ದು. ಮೊದಲ ದಿನವೂ ಕಣ್ಣಿಗೆ ಬಿದ್ದಿತ್ತು, ಇ ಆದಮೇಲೆ ಎಫ್ ತಾನೇ ಅಂತ ಸುಮ್ಮನಾಗಿದ್ದೆ. ಆಮೇಲೆ ಕೆಳಗಿನ ಅಂಕಿ ನೋಡಿದೆ. ಗೊತ್ತಾಗಿಹೋಯ್ತು.

ಅಮ್ಮಾ, ನನ್ನ ಮೇಲೆ ಸುಳ್ಳಿನ ಆರೋಪ ಬಂದಿದೆ. ಅದು ಸುಳ್ಳಲ್ಲ ಅಂತ ತೋರಿಸೋಕೆ ಆ ಪುಸ್ತಕ ಎತ್ತಿ ಹಿಡಿದು, ನೋಡಿ, ಬೈಂಡರ್ ತಪ್ಪು ಮಾಡಿದ್ದಾರೆ ಅನ್ನಬೇಕು. ಬೈಂಡರ್ ಅಂದರೆ ನೀನು. ನನ್ನಿಂದಾಗಲ್ಲ. ಅದಕ್ಕಿಂತ ಸೊನ್ನೆ ತಗೊಂಡು ಮನೆಗೆ ಬರೋದು ವಾಸಿ ಅನ್ನಿಸ್ತು.

ಇನ್ನೊಂದು. ಇದನ್ನ ಬರೆಯೋಕೆ ಮೂರು ಹಾಳೆ ಹರಿದಿದ್ದೀನಿ. ನಾನು ಆ ಡಿಕ್ಷನರಿ ತೆರೆದೇ ಇರಲಿಲ್ಲ. ಹತ್ತು ವರ್ಷ. ಸ್ಕೂಲಿನಲ್ಲಿ ಎಲ್ಲರ ಹತ್ತಿರವೂ ಹೊಳೆಯೋ ತೆಳ್ಳನೆ ಡಿಕ್ಷನರಿ ಇತ್ತು, ನಂದು ನೀಲಿ ಚೌಕಳಿ ಬಟ್ಟೆಯ ಇಟ್ಟಿಗೆ. ಅದು ನಮ್ಮನೆ ಕಿಟಕಿಯ ಪರದೆಯ ಬಟ್ಟೆ ಅಂತ ನನಗೆ ಗೊತ್ತಿತ್ತು. ಮೊದಲ ದಿನವೇ ಒಬ್ಬಳು "ಇದು ಬುಕ್ಕಾ, ದಿಂಬಾ?" ಅಂದಳು. ಟ್ರಂಕಿನ ತಳಕ್ಕೆ ಹಾಕಿ ಮೇಲೆ ಸ್ವೆಟರ್ ಮುಚ್ಚಿದೆ. ಅಮ್ಮ ಏನು ಮಾಡ್ತಾರೆ ಅಂತ ಕೇಳಿದರೆ "ಶೀ ಈಸ್ ಇನ್ ಪಬ್ಲಿಷಿಂಗ್" ಅಂತಿದ್ದೆ. ನಿನಗೆ ಮಾತ್ರ ದಿನಾ ನೋಡ್ತೀನಿ ಅಂತ ಬರೀತಿದ್ದೆ. ಒಂದೇ ಒಂದು ದಿನ ತೆರೆದು ನೋಡಿದ್ದರೆ ಇದೆಲ್ಲ ಆಗ್ತಿರಲಿಲ್ಲ.

ನಿನಗೆ ಇದೂ ಗೊತ್ತಿತ್ತು ಅಂತ ನಿನ್ನ ಕಾಗದ ಓದಿದ ಮೇಲೆ ತಿಳೀತು. ಗೊತ್ತಿದ್ದೂ "ಹೊಲಿಗೆ ಗಟ್ಟಿ ಇದೆಯಾ" ಅಂತ ಕೇಳಿದೆಯಲ್ಲ. ನಾನೇನು ಬರೀಲಿ ಹೇಳು.

ಬೈದು ಬರಿ. ದೊಡ್ಡದಾಗಿಯೇ ಬರಿ.

ಬುಗುರಿ

*

ಸೆಪ್ಟೆಂಬರ್ 16

ಬುಗುರಿ,

ಬೈಯೋಕೆ ಟೈಮಿಲ್ಲ, ಇನ್ನೂ ಅರವತ್ತು ಪುಸ್ತಕ ಬಾಕಿ ಇವೆ. ಪರದೆ ಬಟ್ಟೆ ಅಂತ ಕಂಡುಹಿಡಿದೆಯಲ್ಲ, ಅಷ್ಟಾದರೂ ನೋಡಿದ್ದೀಯ. ಆ ಕಿಟಕಿಗೆ ಇವತ್ತಿಗೂ ಒಂದೇ ಕಡೆ ಪರದೆ.

ನೋವಾಗಲಿಲ್ಲವಾ ಅಂದರೆ ಆಯ್ತು. ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ನೀನು ಓದ್ತಿಲ್ಲ ಅಂತ ನಿನ್ನನ್ನ ಹಿಡಿದ ಹಾಗೆ. ಜೊತೆಗೆ ನನ್ನ ತಪ್ಪನ್ನೂ ಒಪ್ಪಿಕೊಂಡ ಹಾಗೆ. ಎರಡೂ ಬೇಡ ಅಂತ ಸುಮ್ಮನಿದ್ದೆ. ಅದೇನು ದೊಡ್ಡತನ ಅಲ್ಲ.

ಈಗ ಕೆಲಸದ ಮಾತು.

ಇಪ್ಪತ್ತಾರಕ್ಕೆ ಪುಸ್ತಕ ತಗೊಂಡು ಹೋಗು. ತೆರೆದು ತೋರಿಸು. ಬೈಂಡರ್ ತಪ್ಪು ಅಂತಲೇ ಹೇಳು, ಯಾಕೆಂದರೆ ತಪ್ಪು ಬೈಂಡರದ್ದೇ. ನನ್ನ ಕೆಲಸದಲ್ಲಿ ತಪ್ಪಾದರೆ ತಪ್ಪು ಅನ್ನಿಸಿಕೊಳ್ಳೋಕೆ ನನಗೇನೂ ಅವಮಾನ ಇಲ್ಲ. ನನ್ನ ತಪ್ಪು ಮುಚ್ಚೋಕೆ ನನ್ನ ಮಗಳು ಸುಳ್ಳುಗಾತಿ ಅನ್ನಿಸಿಕೊಂಡರೆ ಇದೆ. ಬೈಂಡರ್ ನಿನ್ನ ಅಮ್ಮ ಅಂತ ಬೇಕಾದರೆ ಹೇಳು, ಬೇಡವಾದರೆ ಬಿಡು. ಅದು ನಿನಗೆ ಬಿಟ್ಟಿದ್ದು.

ತೋರಿಸಿ ಬಂದ ಮೇಲೆ ಅದನ್ನ ಬಿಚ್ಚಿ ಹೊಲೀಬೇಕು. ಗೊತ್ತಿದ್ದೂ ಹಾಗೇ ಬಿಡೋ ಹಾಗಿಲ್ಲ. ಇಲ್ಲಿಗೆ ಕಳಿಸಬೇಡ, ನೀನೇ ಮಾಡು. ಸೂಜಿ, ಮೇಣ ಹಚ್ಚಿದ ದಾರ, ಅಂಟಿನ ಪುಡಿ, ಮಡಿಕೆ ತೀಡೋ ಮೂಳೆಯ ಪಟ್ಟಿ ಪಾರ್ಸಲ್‌ನಲ್ಲಿ ಇಟ್ಟಿದ್ದೀನಿ. ಪಟ್ಟಿ ನಂದು, ಜೋಪಾನ.

ರಟ್ಟು ಪುಸ್ತಕಕ್ಕೆ ಅಂಟಿದ ಜಾಗದಲ್ಲಿ ಚಾಕು ಆಡಿಸಿ ಬಿಡಿಸು, ಎಳೀಬೇಡ. ಬೆನ್ನಿಗೆ ಅಂಟಿಸಿದ ಕಾಗದದ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿ. ತಾನೇ ಮೆತ್ತಗಾಗುತ್ತೆ. ಕಾಯೋದು ಅಂದರೆ ಕಾಯೋದು, ಐದು ನಿಮಿಷಕ್ಕೊಮ್ಮೆ ಎತ್ತಿ ನೋಡೋದಲ್ಲ. ಇಪ್ಪತ್ತೆರಡರಿಂದ ಇಪ್ಪತ್ತೊಂಬತ್ತರ ತನಕ ದಾರ ಕತ್ತರಿಸು. ಅಂಕಿ ನೋಡಿ ಜೋಡಿಸು. ಒಂದೊಂದು ಫಾರಂ ಹೊಲಿದು ಕೊನೆಗೆ ಬಂದಾಗ ಹಿಂದಿನ ಫಾರಂನ ದಾರಕ್ಕೆ ಸಿಕ್ಕಿಸಿ ಗಂಟು ಹಾಕು. ಬಿಗಿ ಬೇಡ, ಸಡಿಲವೂ ಬೇಡ. ಹೇಗೆ ಅಂತ ಬರೆಯೋಕಾಗಲ್ಲ, ಮೂರನೇದರಲ್ಲಿ ನಿನ್ನ ಕೈಗೇ ತಿಳಿಯುತ್ತೆ.

ಚೀಟಿ ಬರಿ. ರಟ್ಟು ಹಾಕೋ ಮುಂಚೆ ಓದು.

ಅಮ್ಮ

*

ಸೆಪ್ಟೆಂಬರ್ 29

ಅಮ್ಮಾ,

ಮೊದಲು ಶುಕ್ರವಾರದ್ದು.

ಡಿಕ್ಷನರಿಯನ್ನ ಎದೆಗೆ ಒತ್ತಿಕೊಂಡು ಹೋದೆ. ಹಿಂದಿನ ಬೆಂಚಿನವನು "ಅಡುಗೆ ಪುಸ್ತಕ ಬಂತು" ಅಂದ. ನಾನು ಮೇಜಿನ ಮೇಲೆ ಇಟ್ಟು ತೆರೆದೆ. ಮೇಡಂ, ಇಲ್ಲಿ ಕೆಳಗೆ ನೋಡಿ, ಇಪ್ಪತ್ತೆರಡು. ಎಂಟು ಪುಟ ಆದಮೇಲೆ ಇಪ್ಪತ್ತಮೂರು ಬರಬೇಕು, ಬಂದಿರೋದು ಇಪ್ಪತ್ತೆಂಟು. ಜೋಡಿಸುವಾಗ ತಪ್ಪಾಗಿದೆ. ನಾನು ಕಲ್ಪಿಸಿಕೊಂಡು ಬರೆದಿದ್ದಲ್ಲ. ಆದರೆ ಅದೇ ಪುಟದಲ್ಲಿ ಎಫ್ ಅಕ್ಷರದ ಪದ ಕಂಡರೂ ಹಿಂದೆಮುಂದೆ ನೋಡದೆ ಬರೆದೆ, ಅದು ನನ್ನ ತಪ್ಪು.

ಮೇಡಂ ಕನ್ನಡಕ ತೆಗೆದು, ಬೆರಳಿಟ್ಟು, ಪುಟ ಹಿಂದೆಮುಂದೆ ಮಾಡಿದರು. ತುಂಬಾ ಹೊತ್ತು. ಆಮೇಲೆ ಕೇಳಿದರು, "ಇದನ್ನ ಬೈಂಡ್ ಮಾಡಿದವರು ಯಾರು?"

ನಾನು ಹೇಳಿದೆ. ನನ್ನಮ್ಮ. ಬೈಂಡಿಂಗ್ ಅವರ ಕೆಲಸ.

ಇಷ್ಟು ಸಣ್ಣ ವಾಕ್ಯ ಅಮ್ಮಾ. ಹತ್ತು ವರ್ಷ ಇಟ್ಟುಕೊಂಡಿದ್ದೆ.

ಮೇಡಂ ಬೆನ್ನು ಸವರಿ "ಆರುನೂರ ನಲವತ್ತು ಪುಟ, ಹತ್ತು ವರ್ಷ ಆದರೂ ಒಂದು ಎಳೆ ಅಲ್ಲಾಡಿಲ್ಲವಲ್ಲ" ಅಂದರು. ನಾನು ಬಾಯಿತಪ್ಪಿ "ಬಳಸಿದ್ದರೆ ತಾನೇ ಮೇಡಂ ಅಲ್ಲಾಡೋದು" ಅಂದುಬಿಟ್ಟೆ. ಈ ಸಲ ಮೇಡಂ ಕೂಡ ನಕ್ಕರು. ಪುಸ್ತಕ ಬೆಂಚಿಂದ ಬೆಂಚಿಗೆ ಹೋಯ್ತು. ಎಲ್ಲರೂ ಇಪ್ಪತ್ತೆಂಟು ಹುಡುಕಿದರು. ಅಡುಗೆ ಪುಸ್ತಕದವನು ಬಟ್ಟೆ ಮುಟ್ಟಿ ನೋಡಿ "ಚೆನ್ನಾಗಿದೆಯಲ್ಲಾ" ಅಂದ. ಅವನಿಗೆ ಪರದೆ ಅಂತ ಹೇಳಲಿಲ್ಲ.

ಆಮೇಲೆ ಹೊಸ ಐದು ಪುಟ ಓದಿದೆ. ಇಪ್ಪತ್ತಮೂರನೇ ಫಾರಂ ಹುಡುಕಿ ಅದರಿಂದಲೇ ಬರೆದಿದ್ದು. ನಿಜವಾದ ಮೂಲ ಗ್ರೀಕ್‌ನದು. "ಎನ್" ಅಂದರೆ ಒಳಗೆ, "ಎರ್ಗಾನ್" ಅಂದರೆ ಕೆಲಸ. ಕೆಲಸದೊಳಗೆ ಇರೋದು. ಅಷ್ಟೇ ಅಮ್ಮಾ. ಓಟ ಇಲ್ಲ, ಕುಣಿತ ಇಲ್ಲ, ಉಕ್ಕೋದೂ ಇಲ್ಲ. ಮೊದಮೊದಲು ಪರಿಣಾಮ ಬೀರೋ ಯಾವುದಕ್ಕಾದರೂ ಈ ಪದ ಬಳಸ್ತಿದ್ದರಂತೆ, ಗಡಿಬಿಡಿ ಮನುಷ್ಯರಿಗೆ ಅಂಟಿಕೊಂಡಿದ್ದು ಆಮೇಲಂತೆ. ಸರ್ಜನ್ ಅನ್ನೋ ಪದದೊಳಗೂ ಇದೇ ಕೆಲಸ ಕೂತಿದೆ, ಕೈಕೆಲಸದವನು ಅಂತ ಅರ್ಥ. ಹೊಲಿಗೆ ಹಾಕೋದು ಅವನೂ, ನೀನೂ. ಕ್ಲಾಸಿನಲ್ಲಿ ಹೇಳಿದೆ, ನನ್ನ ರಿಪೋರ್ಟ್ ಕಾರ್ಡಿನಲ್ಲಿ ಹತ್ತು ವರ್ಷ ಇದ್ದ ಪದ ನನಗೆ ಸೇರಿದ್ದಲ್ಲ ಅಂತ. ದಿನಕ್ಕೆ ಹತ್ತು ಪುಸ್ತಕ ಹೊಲಿದು ಒಂದನ್ನೂ ಬಿಚ್ಚದ ಒಬ್ಬರು ಇದ್ದಾರೆ, ಅವರಿಗೆ ಯಾರೂ ಯಾವ ಕಾರ್ಡೂ ಕೊಟ್ಟಿಲ್ಲ ಅಂತ. ಮೇಡಂ ಹತ್ತಕ್ಕೆ ಏಳು ಕೊಟ್ಟರು. ಕನ್ನಡದ ವಾಕ್ಯಗಳಿಗೆ ಎರಡು ಹೋಯ್ತಂತೆ. ಇನ್ನೊಂದು ಯಾಕೆ ಹೋಯ್ತೋ ಕೇಳೋ ಧೈರ್ಯ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕಿಟಕಿ ಹತ್ತಿರ ಪೇಪರ್ ಹಾಸಿ ಕೂತೆ. ಒದ್ದೆ ಬಟ್ಟೆ ಎರಡೇ ಸಲ ಎತ್ತಿ ನೋಡಿದೆ, ನಿಜ. ಬೆನ್ನಿನ ಕಾಗದದ ಒಳಗೆ ನೀನೇನಾದರೂ ಬರೆದಿಟ್ಟಿರ್ತೀಯ ಅಂತ ಮೆಲ್ಲಗೆ ಬಿಡಿಸಿ ನೋಡಿದೆ. ಸೋಪಿನ ಜಾಹೀರಾತು. ಅಲಾರಂ ಬಿದ್ದು ಬಿದ್ದು ನಕ್ಕಳು.

ಮೊದಲ ಫಾರಂ ಬಿಗಿಯಾಗಿ ಹಾಳೆ ಹರೀತು, ಒಂದು ಬೆರಳಷ್ಟು. ಎರಡನೇದು ಜೋತುಬಿತ್ತು. ಮೂರನೇದರಲ್ಲಿ ನೀನು ಹೇಳಿದ ಹಾಗೇ ಆಯ್ತು, ಏನಾಯ್ತು ಅಂತ ನನಗೂ ಬರೆಯೋಕಾಗಲ್ಲ. ಮೊದಲಿನ ಎರಡನ್ನ ಬಿಚ್ಚಿ ಮತ್ತೆ ಹೊಲಿದೆ. ಐದನೆಯದೋ ಆರನೆಯದೋ ಇರಬೇಕು, ಅಲಾರಂ ಮಂಚದಿಂದ ಬಗ್ಗಿ ನೋಡಿ, "ಏಯ್, ನಿನ್ನ ಕಾಲು ನಿಂತುಹೋಗಿದೆ" ಅಂದಳು. ನೋಡಿದೆ. ನಿಂತಿತ್ತು. ಕೂತು ನಾಲ್ಕು ಗಂಟೆ ಆಗಿತ್ತಂತೆ. ಅವಳು ಹೇಳಿದ ಮೇಲೆ ಮತ್ತೆ ಶುರುವಾಯ್ತು ಅನ್ನು.

ಕಾಲೇಜು ಬಿಡಲ್ಲ. ಟೈಪಿಂಗ್ ಮಾತು ಮರೆತುಬಿಡು.

ಚೀಟಿ ಇದರ ಜೊತೆ ಇಟ್ಟಿದ್ದೀನಿ. ರಟ್ಟು ಹಾಕೋ ಮುಂಚೆ ಓದಿದೆ, ಅಲಾರಂ ಕೈಲೂ ಓದಿಸಿದೆ. ನಿನ್ನ ಮೊಳೆಗೆ ಚುಚ್ಚು.

ನಿನ್ನ,
ಬುಗುರಿ

(ಚೀಟಿ: 21, 22, 23, 24, 25, 26, 27, 28, 29, 30.)

*

ಅಕ್ಟೋಬರ್ 6

ಬುಗುರಿ,

ಚೀಟಿ ಎರಡು ಸಲ ಓದಿದೆ. ಸರಿಯಾಗಿದೆ. ಮೊಳೆಗೆ ಚುಚ್ಚಿದೆ. ಹತ್ತು ವರ್ಷದ ಹಳೇ ಚೀಟಿ ಡಬ್ಬಿಯಲ್ಲಿ ಇಟ್ಟಿದ್ದೆ, ಅದನ್ನ ತೆಗೆದು ಕಸಕ್ಕೆ ಹಾಕಿದೆ.

ಹರಿದ ಹಾಳೆಗೆ ತೆಳು ಕಾಗದ ಅಂಟಿಸು. ಟೇಪ್ ಹಚ್ಚಿದರೆ ನನ್ನ ಮಗಳೇ ಅಲ್ಲ.

ಕ್ಲಾಸಿನಲ್ಲಿ ನನ್ನ ಬಗ್ಗೆ ಹೇಳಿದ ಭಾಗವನ್ನ ಯಜಮಾನರು ನನಗೆ ಎರಡು ಸಲ ಓದಿ ಹೇಳಿದರು, ಕನ್ನಡದಲ್ಲಿದ್ದು ನಾನೇ ಓದಬಹುದಾಗಿದ್ದರೂ. ನಾನು ಕೇಳಲಿಲ್ಲ, ಅವರೇ ಓದಿದರು. ಹೊಸ ಹುಡುಗಿ ಅವತ್ತಿಂದ ಚೀಟಿ ಬರೀತಿದ್ದಾಳೆ. ಪಟ್ಟಿ ರಜಕ್ಕೆ ಬರುವಾಗ ತಾ, ಪುಸ್ತಕವನ್ನೂ ತಾ. ನಿನ್ನ ಗಂಟು ನೋಡಬೇಕು.

ಲೈಬ್ರರಿ ಪುಸ್ತಕ ಒಯ್ಯೋಕೆ ಬಂದ ಶಾಲೆಯ ಹೆಡ್‌ಮೇಡಂ ನನ್ನ ಕೈ ನೋಡ್ತಾ ನಿಂತಿದ್ದರು. ಹೋಗುವಾಗ ಯಜಮಾನರ ಹತ್ತಿರ ಏನೋ ಇಂಗ್ಲಿಷಲ್ಲಿ ಅಂದರು. ಬ್ರಿಸ್ಕ್ ಅಂತ ಕೇಳಿಸ್ತು. ಯಜಮಾನರನ್ನ ಕೇಳಿದರೆ "ಚುರುಕು" ಅಂತಾರೆ, ಗೊತ್ತಿದ್ದದ್ದೇ. ಅವರಿಗೆ ಎಲ್ಲಾ ಪದಕ್ಕೂ ಅದೊಂದೇ ಅರ್ಥ. ನೀನು ನೋಡಿ ಹೇಳು. ಅದು ಎಲ್ಲಿಂದ ಬಂತು ಅನ್ನೋದೂ ಇದ್ದರೆ ಬರಿ.

ಮೊಬೈಲ್ ನೋಡಬೇಡ. ಅರ್ಥದ ಜೊತೆಗೆ, ಆ ಫಾರಂನ ಕೆಳಗಿರೋ ಅಂಕಿಯನ್ನೂ ಬರಿ.

ಅಮ್ಮ